ಸಣ್ಣ ಷೇರುದಾರನ ಹಕ್ಕು: ಕಾನೂನಿನಲ್ಲಿದೆ, ಕೈಗೆ ಸಿಗುತ್ತಿಲ್ಲ

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪೆನಿಯ ಅಧ್ಯಕ್ಷ ಬಿ. ರಾಮಲಿಂಗರಾಜು ಬರೆದ ಪತ್ರವೊಂದು ಷೇರು ವಿನಿಮಯ ಕೇಂದ್ರಗಳಿಗೆ ತಲುಪಿತು. ಕಂಪೆನಿಯ ಲೆಕ್ಕಪತ್ರದಲ್ಲಿ ನಗದು ಹಾಗೂ ಬ್ಯಾಂಕ್ ಶಿಲ್ಕು ಎಂದು ತೋರಿಸಿದ್ದ ಮೊತ್ತದಲ್ಲಿ 5,040 ಕೋಟಿ ರೂಪಾಯಿ ಅಸ್ತಿತ್ವದಲ್ಲೇ ಇಲ್ಲ ಎಂದು ಅವರೇ ಅದರಲ್ಲಿ ಒಪ್ಪಿಕೊಂಡಿದ್ದರು. ಅಂದು ಸಂಜೆ ವಹಿವಾಟು ಮುಗಿಯುವ ಹೊತ್ತಿಗೆ ಷೇರಿನ ಬೆಲೆಯಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಕರಗಿ ಹೋಗಿತ್ತು. ನಿವೃತ್ತಿಯ ಹಣವನ್ನು ‘ಭದ್ರವಾದ ಸಾಫ್ಟ್‌ವೇರ್ ಷೇರಿ’ನಲ್ಲಿ ಇಟ್ಟವರು ಹೈದರಾಬಾದಿನಲ್ಲಿ ಇದ್ದಂತೆ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿಯೂ ಇದ್ದರು.

ಈ ಹಗರಣದ ಕ್ರಿಮಿನಲ್ ಭಾಗ ಎಲ್ಲರಿಗೂ ನೆನಪಿದೆ. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಸೇರಿದಂತೆ ಹತ್ತು ಮಂದಿಗೆ ಶಿಕ್ಷೆ ವಿಧಿಸಿತು. ಆದರೆ ಷೇರುದಾರನ ಪಾಲಿಗೆ ಮುಖ್ಯವಾದ ಪ್ರಶ್ನೆ ಬೇರೆಯೇ ಇತ್ತು. ಕಳೆದುಕೊಂಡ ಹಣದಲ್ಲಿ ಒಂದಿಷ್ಟಾದರೂ ಹಿಂದಕ್ಕೆ ಬರುವುದೇ ಎಂಬ ಆ ಪ್ರಶ್ನೆಗೆ ಎರಡು ದೇಶಗಳಲ್ಲಿ ಎರಡು ಉತ್ತರಗಳು ಬಂದವು.

ಸತ್ಯಂನ ಠೇವಣಿ ರಸೀದಿಗಳು, ಅಂದರೆ ಎಡಿಆರ್‌ಗಳು, ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿಯೂ ವಹಿವಾಟಾಗುತ್ತಿದ್ದವು. ಅಲ್ಲಿ ಹಣ ಹೂಡಿ ನಷ್ಟ ಅನುಭವಿಸಿದವರ ಪರವಾಗಿ ಅಮೆರಿಕದ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ದಾಖಲಾಯಿತು. 2011ರಲ್ಲಿ ಕಂಪೆನಿಯು 12.5 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಲೆಕ್ಕ ಪರಿಶೋಧನೆ ನಡೆಸಿದ್ದ ಪ್ರೈಸ್‌ವಾಟರ್‌ಹೌಸ್ ಬಳಗ ಪ್ರತ್ಯೇಕವಾಗಿ 2.55 ಕೋಟಿ ಡಾಲರ್ ಕೊಡಲು ಒಪ್ಪಿತು. ಮೋಸ ಬಯಲಾಗಿ ಎರಡೂವರೆ ವರ್ಷ ತುಂಬುವುದರೊಳಗೆ ಅಮೆರಿಕದ ಹೂಡಿಕೆದಾರರಿಗೆ ಪರಿಹಾರದ ದಾರಿ ತೆರೆದಿತ್ತು.

ಭಾರತದಲ್ಲಿ ಏನಾಯಿತು? ಮಿಡಾಸ್ ಟಚ್ ಎಂಬ ಹೂಡಿಕೆದಾರರ ಸಂಘವು ಸುಮಾರು 3 ಲಕ್ಷ ಷೇರುದಾರರ ಪರವಾಗಿ ಸುಮಾರು 5 ಸಾವಿರ ಕೋಟಿ ರೂಪಾಯಿ ಪರಿಹಾರ ಕೋರಿ ರಾಷ್ಟ್ರೀಯ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿತು. ಇಂತಹ ಗೊಂದಲದ ಲೆಕ್ಕಾಚಾರ ತನ್ನ ವ್ಯಾಪ್ತಿಯದಲ್ಲ ಎಂದು ಆಯೋಗ ಕೈತೊಳೆದುಕೊಂಡಿತು. 2009ರಲ್ಲಿಯೇ ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿಯನ್ನು ಪುರಸ್ಕರಿಸಲಿಲ್ಲ. ಉಳಿದದ್ದು ಸಿವಿಲ್ ನ್ಯಾಯಾಲಯದ ದಾರಿ. ಸಿವಿಲ್ ದಾವೆ ಹೂಡಿ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಪಡೆಯುವ ಧೈರ್ಯ ನೂರು ಷೇರು ಇಟ್ಟುಕೊಂಡವನಿಗೆ ಎಲ್ಲಿಂದ ಬರಬೇಕು?

ಈ ಕಥೆಯಲ್ಲಿ ಇನ್ನೂ ಒಂದು ವಿಪರ್ಯಾಸವಿದೆ. ಅಮೆರಿಕದವರಿಗೆ ಸಂದಾಯವಾದ 12.5 ಕೋಟಿ ಡಾಲರ್ ರಾಜು ಅವರ ಜೇಬಿನಿಂದ ಬಂದದ್ದಲ್ಲ. ಕಂಪೆನಿಯ ಬೊಕ್ಕಸದಿಂದ ಹೋದದ್ದು. ಆ ಹೊತ್ತಿಗೆ ಕಂಪೆನಿ ಟೆಕ್ ಮಹೀಂದ್ರಾ ಕೈಸೇರಿದ್ದರೂ ಷೇರನ್ನು ಮಾರದೆ ಕಾದು ಕುಳಿತಿದ್ದ ಸಾವಿರಾರು ಭಾರತೀಯರು ಅದರ ಸಹಮಾಲೀಕರೇ ಆಗಿದ್ದರು. ಹೀಗೆ, ಮೋಸಹೋದ ಭಾರತೀಯ ಷೇರುದಾರನು ತನಗೆ ಬಿಡಿಗಾಸೂ ಸಿಗದೆ, ಮೋಸಹೋದ ಅಮೆರಿಕದ ಷೇರುದಾರನಿಗೆ ತನ್ನ ಪಾಲಿನಿಂದಲೇ ಪರಿಹಾರ ತೆತ್ತಂತಾಯಿತು.

ಬಹುಮತದ ಹಳೆಯ ನಿಯಮ

ಬಿಡಿ ಷೇರುದಾರ ಇಷ್ಟು ಅಸಹಾಯಕನಾಗಲು ಕಾರಣ ಹುಡುಕುತ್ತಾ ಹೋದರೆ 1843ರ ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಫಾಸ್ ಮತ್ತು ಹಾರ್ಬಾಟಲ್ ನಡುವಿನ ಪ್ರಕರಣದಲ್ಲಿ ಇಬ್ಬರು ಷೇರುದಾರರು ತಮ್ಮ ಕಂಪೆನಿಯ ನಿರ್ದೇಶಕರೇ ಕಂಪೆನಿಗೆ ನಷ್ಟ ಮಾಡಿದ್ದಾರೆಂದು ದೂರಿದ್ದರು. ನಷ್ಟವಾದದ್ದು ಕಂಪೆನಿಗೆ, ಆದ್ದರಿಂದ ದಾವೆ ಹೂಡಬೇಕಾದದ್ದೂ ಕಂಪೆನಿಯೇ ಎಂದು ನ್ಯಾಯಾಲಯ ಹೇಳಿತು. ಕಂಪೆನಿಯ ಪರವಾಗಿ ನಿರ್ಧರಿಸುವವರು ಯಾರು? ಬಹುಮತ ಉಳ್ಳವರು. ಬಹುಮತ ಯಾರ ಬಳಿ? ಅನೇಕ ಬಾರಿ, ತಪ್ಪು ಮಾಡಿದವರ ಬಳಿಯೇ. ಕಳ್ಳನ ಮೇಲಿನ ದೂರಿಗೆ ಕಳ್ಳನದೇ ರುಜು ಬೇಕು ಎಂದಂತೆ ಇದು.

ಈ ನಿಯಮಕ್ಕೆ ಕಾಲಕ್ರಮೇಣ ಅಪವಾದಗಳು ಹುಟ್ಟಿಕೊಂಡವು. ಭಾರತದ 1956ರ ಕಂಪೆನಿ ಕಾಯಿದೆಯು ಅಲ್ಪಸಂಖ್ಯಾತ ಷೇರುದಾರರ ಮೇಲೆ ದಬ್ಬಾಳಿಕೆ ನಡೆದರೆ ದೂರು ಕೊಡಲು ಅವಕಾಶ ನೀಡಿತು. ಆದರೆ ದೂರುದಾರರ ಸಂಖ್ಯೆ ನೂರು ಇರಬೇಕು, ಅಥವಾ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದರಷ್ಟು ಇರಬೇಕು, ಇಲ್ಲವೇ ಅವರ ಬಳಿ ಶೇ. 10ರಷ್ಟು ಬಂಡವಾಳವಿರಬೇಕು ಎಂಬ ಹೊಸ್ತಿಲನ್ನೂ ಕಟ್ಟಿತು. ಕುಟುಂಬ ಕಂಪೆನಿಗಳ ದಾಯಾದಿ ಜಗಳಗಳಿಗೆ ಈ ದಾರಿ ಹೇಳಿ ಮಾಡಿಸಿದಂತಿತ್ತು. ಪೇಟೆಯಲ್ಲಿ ಐವತ್ತು, ನೂರು ಷೇರು ಕೊಂಡವರಿಗೆ ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ.

ಸಾಮೂಹಿಕ ದಾವೆಗೆ ಅವಕಾಶ ಬೇಕೆಂದು ಜೆ.ಜೆ. ಇರಾನಿ ಸಮಿತಿ 2005ರಲ್ಲಿಯೇ ಹೇಳಿತ್ತು. ಸತ್ಯಂ ಪ್ರಕರಣ ಆ ಮಾತಿಗೆ ತುರ್ತು ತಂದಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, 2013ರ ಕಂಪೆನಿ ಕಾಯಿದೆಯಲ್ಲಿ 245ನೇ ಸೆಕ್ಷನ್ ಸೇರಿತು. ಜಾರಿಯಾಗಲು 2016ರ ಜೂನ್ 1ರವರೆಗೆ ಕಾಯಬೇಕಾಯಿತು. ಎಷ್ಟು ಜನ ಸೇರಿದರೆ ದಾವೆ ಹೂಡಬಹುದು ಎಂಬ ಲೆಕ್ಕ ಸ್ಪಷ್ಟವಾಗಲು ಮತ್ತೆ 2019ರ ಮೇ ತಿಂಗಳೇ ಬರಬೇಕಾಯಿತು.

ಕಾಗದದ ಮೇಲೆ ಈ ಸೆಕ್ಷನ್ ಬಲವಾಗಿಯೇ ಇದೆ. ನಿರ್ದೇಶಕರು, ಲೆಕ್ಕ ಪರಿಶೋಧಕರು, ಕಂಪೆನಿಗೆ ಸಲಹೆ ಕೊಟ್ಟ ತಜ್ಞರು ಇವರೆಲ್ಲರಿಂದಲೂ ಪರಿಹಾರ ಕೇಳಬಹುದು. ಒಬ್ಬರು ಪಡೆದ ಆದೇಶ ಎಲ್ಲ ಷೇರುದಾರರಿಗೂ ಅನ್ವಯಿಸುತ್ತದೆ. ಸತ್ಯಂ ಕಾಲದಲ್ಲಿ ಇದು ಇದ್ದಿದ್ದರೆ ಆ 3 ಲಕ್ಷ ಜನ ಗ್ರಾಹಕ ಆಯೋಗದ ಬಾಗಿಲು ತಟ್ಟಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ಆದರೂ ಜಾರಿಗೆ ಬಂದ ಎಂಟು ವರ್ಷಗಳ ತನಕ ಈ ಸೆಕ್ಷನ್ ಹೆಚ್ಚುಕಡಿಮೆ ನಿದ್ರಿಸಿತು. 2024ರಲ್ಲಿ ಜಿಂದಾಲ್ ಪಾಲಿ ಫಿಲ್ಮ್ಸ್ ವಿರುದ್ಧ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯ ಮುಂದೆ ಬಂದ ಅರ್ಜಿಯೇ ದೇಶದ ಗಮನ ಸೆಳೆದ ಮೊದಲ ಸಾಮೂಹಿಕ ದಾವೆ. ಕಂಪೆನಿಯ ಹೂಡಿಕೆಗಳನ್ನು ಪ್ರವರ್ತಕರ ಸಂಸ್ಥೆಗಳಿಗೆ ಅಗ್ಗದ ಬೆಲೆಗೆ ದಾಟಿಸಲಾಗಿದೆ ಎಂಬುದು ಅರ್ಜಿದಾರರ ಆರೋಪ. ಆರೋಪದ ಸತ್ಯಾಸತ್ಯತೆ ಇಲ್ಲಿ ಪ್ರಸ್ತುತವಲ್ಲ. ಗಮನಿಸಬೇಕಾದದ್ದು ಇಷ್ಟೇ: ಆ ಅರ್ಜಿದಾರರ ಬಳಿ ಕಂಪೆನಿಯ ಶೇ. 5ರ ಸಮೀಪದ ಷೇರುಗಳಿದ್ದವು. ಅವರು ಐವತ್ತು ಷೇರಿನವರಾಗಿರಲಿಲ್ಲ.

ನೂರು ಜನರನ್ನು ಎಲ್ಲಿ ಹುಡುಕುವುದು?

2019ರ ನಿಯಮದ ಪ್ರಕಾರ ಒಟ್ಟು ಸದಸ್ಯರ ಶೇ. 5 ಅಥವಾ ನೂರು ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಒಟ್ಟಾಗಬೇಕು. ಇಲ್ಲವಾದರೆ, ಪಟ್ಟಿಯಲ್ಲಿರುವ ಕಂಪೆನಿಯಾದರೆ ಬಂಡವಾಳದ ಶೇ. 2ರಷ್ಟು ಷೇರು ಕೈಯಲ್ಲಿರಬೇಕು. ಒಂದು ಲಕ್ಷ ಕೋಟಿ ರೂಪಾಯಿ ಮಾರುಕಟ್ಟೆ ಮೌಲ್ಯದ ಕಂಪೆನಿಯಲ್ಲಿ ಶೇ. 2 ಎಂದರೆ 2 ಸಾವಿರ ಕೋಟಿ ರೂಪಾಯಿ. ಅಷ್ಟು ಹಣವಿದ್ದವನನ್ನು ಸಣ್ಣ ಷೇರುದಾರ ಎಂದು ಯಾರೂ ಕರೆಯುವುದಿಲ್ಲ. ಆದ್ದರಿಂದ ಸಾಮಾನ್ಯನಿಗೆ ಉಳಿಯುವುದು ನೂರು ಜನರ ದಾರಿ.

ಲಕ್ಷಾಂತರ ಷೇರುದಾರರಿರುವ ಕಂಪೆನಿಯಲ್ಲಿ ನೂರು ಜನ ಸಿಗುವುದು ಕಷ್ಟವೇ ಎಂದು ಯಾರಾದರೂ ಕೇಳಬಹುದು. ಇಂದಿನ ಷೇರುದಾರರು ಒಬ್ಬರ ಮುಖ ಒಬ್ಬರು ಕಂಡವರಲ್ಲ. 2020ರ ಮಾರ್ಚ್‌ನಲ್ಲಿ 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು 2025ರಲ್ಲಿ 20 ಕೋಟಿ ದಾಟಿದವು. ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಷೇರು ಕೊಂಡು ಮೊಬೈಲಿನಲ್ಲೇ ಮಾರುವವರು. ವಾರ್ಷಿಕ ಮಹಾಸಭೆಯ ಕಾಫಿ, ತಿಂಡಿ, ಚರ್ಚೆ ಅವರಿಗೆ ಗೊತ್ತಿಲ್ಲ. ಕೋವಿಡ್ ನಂತರ ಅನೇಕ ಕಂಪೆನಿಗಳ ಮಹಾಸಭೆಯೂ ಪರದೆಯ ಮೇಲೆಯೇ ನಡೆಯುತ್ತದೆ. ಜೊತೆಯ ಷೇರುದಾರರನ್ನು ಪತ್ತೆ ಹಚ್ಚಲು ಇರುವ ಕಾನೂನುಬದ್ಧ ದಾರಿ ಎಂದರೆ ಕಂಪೆನಿಯ ಸದಸ್ಯರ ನೋಂದಣಿ ಪುಸ್ತಕ. ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಪ್ರತಿ ಸದಸ್ಯನಿಗೂ ಇದೆ.

2022ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಆ ನಿಯಮಕ್ಕೆ ತಿದ್ದುಪಡಿ ತಂದಿತು. ಸದಸ್ಯರ ವಿಳಾಸ, ಇ-ಮೇಲ್, ಪ್ಯಾನ್ ಸಂಖ್ಯೆ, ವಿಶಿಷ್ಟ ಗುರುತಿನ ಸಂಖ್ಯೆ ಇವುಗಳನ್ನು ಪುಸ್ತಕ ನೋಡಲು ಬಂದವರಿಗೆ ತೋರಿಸಕೂಡದು, ಪ್ರತಿಯಲ್ಲಿಯೂ ಕೊಡಕೂಡದು ಎಂದಾಯಿತು. ಖಾಸಗಿತನದ ದೃಷ್ಟಿಯಿಂದ ಈ ತಿದ್ದುಪಡಿ ತಪ್ಪಲ್ಲ. ಷೇರುದಾರರ ಪಟ್ಟಿಯನ್ನು ಮಾರಾಟಗಾರರ ಕೈಗೆ ಕೊಟ್ಟರೆ ಆಗುವ ಕಿರುಕುಳ ಎಲ್ಲರಿಗೂ ಗೊತ್ತು. ಆದರೆ ಪರ್ಯಾಯ ವ್ಯವಸ್ಥೆಯನ್ನು ಸರಕಾರ ಮಾಡಲಿಲ್ಲ. ಒಂದು ನಿಯಮ ‘ನೂರು ಜನರನ್ನು ಕರೆದುಕೊಂಡು ಬಾ’ ಎನ್ನುತ್ತದೆ. ಇನ್ನೊಂದು ನಿಯಮ ‘ಅವರ ವಿಳಾಸ ಕೇಳಬೇಡ’ ಎನ್ನುತ್ತದೆ. ಎರಡನ್ನೂ ಬರೆದದ್ದು ಒಂದೇ ಕಂಪೆನಿ ವ್ಯವಹಾರಗಳ ಸಚಿವಾಲಯ! ಇತ್ತ ಆಡಳಿತ ಮಂಡಳಿಯ ಬಳಿ ಪ್ರತಿಯೊಬ್ಬರ ವಿಳಾಸವೂ ಇ-ಮೇಲೂ ಇರುತ್ತದೆ. ತನಗೆ ಬೇಕಾದ ನಿರ್ಣಯಕ್ಕೆ ಮತ ಕೇಳುವಾಗ ಅದು ಎಲ್ಲರನ್ನೂ ತಲುಪಬಲ್ಲದು.

ಖರ್ಚಿನ ಸಂಗತಿ ಇನ್ನೂ ಬೇರೆ. ಅಮೆರಿಕದ ವಕೀಲರು ಗೆದ್ದರೆ ಪರಿಹಾರದಲ್ಲಿ ಪಾಲು, ಸೋತರೆ ಏನೂ ಇಲ್ಲ ಎಂಬ ಕರಾರಿನ ಮೇಲೆ ದಾವೆ ನಡೆಸುತ್ತಾರೆ. ಭಾರತದಲ್ಲಿ ಫಲಿತಾಂಶವನ್ನು ಆಧರಿಸಿ ಶುಲ್ಕ ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಹಾಗಾಗಿ ಮೊದಲ ದಿನದಿಂದಲೇ ಯಾರಾದರೂ ಕೈಯಿಂದ ಹಣ ಹಾಕಬೇಕು. ಅರ್ಜಿ ಕ್ಷುಲ್ಲಕವೆಂದು ಕಂಡುಬಂದರೆ ಎದುರು ಪಕ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕಟ್ಟಿಕೊಡಬೇಕೆಂಬ ಬೆದರಿಕೆಯೂ ಸೆಕ್ಷನ್ನಿನಲ್ಲಿಯೇ ಇದೆ. ಹತ್ತು ಸಾವಿರ ರೂಪಾಯಿ ಕಳೆದುಕೊಂಡವನು ಹತ್ತು ಲಕ್ಷ ಖರ್ಚು ಮಾಡಿ ಎಲ್ಲರ ಪರವಾಗಿ ಹೋರಾಡಬೇಕೆಂದು ನಿರೀಕ್ಷಿಸುವುದು ಯಾವ ನ್ಯಾಯ?

ಖರ್ಚು ತುಂಬಿಕೊಡಲು ನಿಧಿಯೇನೋ ಇದೆ. ಏಳು ವರ್ಷ ಯಾರೂ ಕೇಳದೆ ಉಳಿದ ಲಾಭಾಂಶ, ಅದಕ್ಕೆ ಸಂಬಂಧಿಸಿದ ಷೇರುಗಳು ಸೇರುವ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಯಿಂದ ಸಾಮೂಹಿಕ ದಾವೆಯ ವೆಚ್ಚವನ್ನು ಮರಳಿಸಬಹುದು ಎಂದು 125ನೇ ಸೆಕ್ಷನ್ ಹೇಳುತ್ತದೆ. ಆದರೆ ಅದು ನ್ಯಾಯಮಂಡಳಿ ಮಂಜೂರು ಮಾಡಿದ ಮೇಲೆ ಸಿಗುವ ಮರುಪಾವತಿ. ಮೊದಲು ಖರ್ಚು ಮಾಡುವ ಶಕ್ತಿ ಇದ್ದವನಿಗೆ ಮಾತ್ರ ಅದರ ಉಪಯೋಗ. ಹಾಗೆ ನೋಡಿದರೆ ಆ ನಿಧಿಯಲ್ಲಿರುವುದು ಸಣ್ಣ ಷೇರುದಾರರದ್ದೇ ಹಣ: ವಿಳಾಸ ಬದಲಿಸಿದವರು, ಮರೆತವರು, ತೀರಿಕೊಂಡವರ ವಾರಸುದಾರರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಇಲ್ಲಿ ನೆನೆಯದೆ ಇರಲಾಗದು.

ಮತ ಹಾಕಿ ಸೋತವರು

ಬಿಡಿ ಷೇರುದಾರರು ನಿದ್ದೆಯಲ್ಲಿರುತ್ತಾರೆ, ಮತವನ್ನೂ ಹಾಕುವುದಿಲ್ಲ ಎಂಬ ಮಾತು ಕಂಪೆನಿ ವಲಯದಲ್ಲಿ ಸಾಮಾನ್ಯ. 2024ರ ಮಾರ್ಚ್‌ನಲ್ಲಿ ಐಸಿಐಸಿಐ ಸೆಕ್ಯುರಿಟೀಸ್ ಷೇರುದಾರರು ಈ ಮಾತನ್ನು ಸುಳ್ಳು ಮಾಡಿದರು. 2018ರಲ್ಲಿ 520 ರೂಪಾಯಿಗೆ ಸಾರ್ವಜನಿಕರಿಗೆ ಷೇರು ಮಾರಿದ್ದ ಈ ಕಂಪೆನಿಯನ್ನು ಮಾರುಕಟ್ಟೆಯ ಪಟ್ಟಿಯಿಂದ ತೆಗೆದು ಪೂರ್ಣವಾಗಿ ತನ್ನದಾಗಿಸಿಕೊಳ್ಳಲು ಮಾತೃಸಂಸ್ಥೆಯಾದ ಐಸಿಐಸಿಐ ಬ್ಯಾಂಕ್ 2023ರ ಜೂನ್‌ನಲ್ಲಿ ಯೋಜನೆ ಪ್ರಕಟಿಸಿತ್ತು. ನೂರು ಷೇರಿಗೆ ಬದಲಾಗಿ ಬ್ಯಾಂಕಿನ 67 ಷೇರು. ಷೇರು ಪೇಟೆಯ ಭರಾಟೆಯಲ್ಲಿ ದಲ್ಲಾಳಿ ಕಂಪೆನಿಗಳ ಲಾಭ ಏರುತ್ತಿದ್ದಾಗ ಈ ಅನುಪಾತ ತೀರಾ ಕಡಿಮೆ ಎಂಬುದು ಅನೇಕರ ತಕರಾರಾಗಿತ್ತು.

ನಿಯಮದಂತೆ, ಸಾರ್ವಜನಿಕ ಷೇರುದಾರರ ಪರ ಮತಗಳು ವಿರೋಧ ಮತಗಳ ಎರಡರಷ್ಟಾದರೂ ಇರಬೇಕಿತ್ತು. ಸುಮಾರು ಶೇ. 72ರಷ್ಟು ಮತಗಳು ಯೋಜನೆಯ ಪರ ಬಿದ್ದು ಅದು ತೇರ್ಗಡೆಯಾಯಿತು. ಆದರೆ ಆ ಮತಗಳನ್ನು ಬಿಡಿಸಿ ನೋಡಿದಾಗ ಬೇರೊಂದು ಚಿತ್ರ ಕಾಣುತ್ತದೆ. ಮ್ಯೂಚುವಲ್ ಫಂಡ್, ವಿದೇಶಿ ನಿಧಿ ಮೊದಲಾದ ಸಂಸ್ಥೆಗಳು ಭಾರಿ ಪ್ರಮಾಣದಲ್ಲಿ ಪರವಾಗಿ ನಿಂತಿದ್ದವು. ಸಂಸ್ಥೆಗಳಲ್ಲದ ಷೇರುದಾರರು ಚಲಾಯಿಸಿದ ಮತಗಳಲ್ಲಿ ಹೆಚ್ಚುಕಡಿಮೆ ಮೂರನೇ ಎರಡರಷ್ಟು ವಿರುದ್ಧವಾಗಿದ್ದವು. ಕಾನೂನಿನ ಕಣ್ಣಿಗೆ ಇಬ್ಬರೂ ‘ಸಾರ್ವಜನಿಕರು’. ಮಾತೃಸಂಸ್ಥೆಯಲ್ಲಿಯೂ ಷೇರು ಹೊಂದಿರುವ ದೊಡ್ಡ ನಿಧಿಗೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬರುತ್ತದೆ. ಅಂತಹ ನಿಧಿಯ ಹಿತವೂ ನೂರು ಷೇರಿನ ಗೃಹಿಣಿಯ ಹಿತವೂ ಒಂದೇ ಎಂದು ಈ ಲೆಕ್ಕ ನಂಬುತ್ತದೆ.

ಮತದಾನದ ದಿನಗಳಲ್ಲಿ ಬ್ಯಾಂಕಿನ ಕಡೆಯಿಂದ ಕರೆ ಮಾಡಿ ಮತ ಹಾಕುವಂತೆ ಒತ್ತಾಯಿಸಲಾಯಿತು ಎಂದು ಷೇರುದಾರರು ದೂರಿದರು. ಈ ಸಂಪರ್ಕ ಅಭಿಯಾನದ ಬಗ್ಗೆ ಸೆಬಿಯು 2024ರಲ್ಲಿ ಬ್ಯಾಂಕಿಗೆ ಎಚ್ಚರಿಕೆ ಪತ್ರ ನೀಡಿತು. ಎಚ್ಚರಿಕೆ ಪತ್ರದಿಂದ ಮತದಾನದ ಫಲಿತಾಂಶ ಬದಲಾಗಲಿಲ್ಲ. ಅಸಮಾಧಾನಗೊಂಡವರು ಮುಂಬಯಿಯ ನ್ಯಾಯಮಂಡಳಿಗೆ ಹೋದಾಗ ಎದುರಾದದ್ದು 230ನೇ ಸೆಕ್ಷನ್ನಿನ ಗೋಡೆ: ಇಂತಹ ಯೋಜನೆಗೆ ಆಕ್ಷೇಪ ಸಲ್ಲಿಸಲು ಕನಿಷ್ಠ ಶೇ. 10ರಷ್ಟು ಷೇರು ಇರಬೇಕು. ಆಕ್ಷೇಪಿಸಿದವರ ಪಾಲು ಶೇ. 1ಕ್ಕಿಂತಲೂ ಬಹಳ ಕಡಿಮೆಯಿತ್ತು. 2024ರ ಆಗಸ್ಟ್‌ನಲ್ಲಿ ಯೋಜನೆಗೆ ಒಪ್ಪಿಗೆ ದೊರೆಯಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಅದೇ ತಿಂಗಳು ಷೇರು ಪಟ್ಟಿಯಿಂದ ಮರೆಯಾಯಿತು.

ಶೇ. 10ರ ಮಿತಿಯ ಹಿಂದೆ ತರ್ಕವಿಲ್ಲದಿಲ್ಲ. ಹಿಂದೆ ಹತ್ತು ಷೇರು ಕೊಂಡು ದೊಡ್ಡ ವಿಲೀನಗಳಿಗೆ ತಡೆ ತಂದು ಕಾಸು ಕೀಳುವ ಚಾಳಿಯಿತ್ತು. ಆದರೆ ಶೇ. 75ರಷ್ಟು ಷೇರು ಪ್ರವರ್ತಕರ ಬಳಿ ಇರುವ ಕಂಪೆನಿಯಲ್ಲಿ ಸಾರ್ವಜನಿಕರಿಗೆ ಉಳಿಯುವುದೇ ಶೇ. 25. ಅದರಲ್ಲಿ ಬಹುಪಾಲು ಸಂಸ್ಥೆಗಳದ್ದು. ಅಂತಹ ಕಡೆ ಎಲ್ಲ ಬಿಡಿ ಷೇರುದಾರರೂ ಒಗ್ಗಟ್ಟಾದರೂ ಶೇ. 10 ತಲುಪುವುದು ಖಾತ್ರಿಯಿಲ್ಲ. ದಬ್ಬಾಳಿಕೆಯ ದೂರಿನಲ್ಲಿ ಈ ಬಗೆಯ ಮಿತಿಯನ್ನು ಸಡಿಲಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಅದೇ ವಿವೇಚನೆಯನ್ನು ಇಲ್ಲಿಯೂ, ಸಾಮೂಹಿಕ ದಾವೆಯಲ್ಲಿಯೂ ಕಾನೂನು ಕೊಡಬಹುದಿತ್ತು.

ಬ್ಯಾಂಕ್ ಷೇರುದಾರರ ಪಾಡು ಇನ್ನೂ ಕಠಿಣ. 245ನೇ ಸೆಕ್ಷನ್ ಬ್ಯಾಂಕಿಂಗ್ ಕಂಪೆನಿಗಳಿಗೆ ಅನ್ವಯಿಸುವುದೇ ಇಲ್ಲ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಪುನಶ್ಚೇತನ ಯೋಜನೆಯಡಿ ನೂರಕ್ಕಿಂತ ಹೆಚ್ಚು ಷೇರು ಹೊಂದಿದ್ದವರ ಶೇ. 75ರಷ್ಟು ಷೇರುಗಳಿಗೆ ಮೂರು ವರ್ಷ ಬೀಗ ಬಿತ್ತು. ಅದೇ ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ ಬ್ಯಾಂಕನ್ನು ಡಿಬಿಎಸ್ ಬ್ಯಾಂಕಿನ ಭಾರತೀಯ ಅಂಗಸಂಸ್ಥೆಯಲ್ಲಿ ವಿಲೀನಗೊಳಿಸಿದಾಗ ಹಳೆಯ ಷೇರು ಬಂಡವಾಳವನ್ನು ಪೂರ್ತಿಯಾಗಿ ಅಳಿಸಿಹಾಕಲಾಯಿತು. ಠೇವಣಿದಾರರನ್ನು ಉಳಿಸುವುದು ಮೊದಲ ಕರ್ತವ್ಯ, ನಿಜ. ಬ್ಯಾಂಕನ್ನು ಆ ಸ್ಥಿತಿಗೆ ತಂದವರ ವಿರುದ್ಧ ಷೇರುದಾರರು ಒಟ್ಟಾಗಿ ಪರಿಹಾರ ಕೇಳುವುದರಿಂದ ಠೇವಣಿದಾರರಿಗೆ ಯಾವ ಕೇಡು ಎಂಬುದಕ್ಕೆ ಮಾತ್ರ ಸಮರ್ಪಕ ಉತ್ತರ ಸಿಗುವುದಿಲ್ಲ.

ಅಮೆರಿಕದ ಮಾದರಿಯೇ ಪರಮಾದರ್ಶ ಎಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಇನ್ಫೋಸಿಸ್ ಇದಕ್ಕೆ ಸಾಕ್ಷಿ. 2019ರ ಅಕ್ಟೋಬರ್‌ನಲ್ಲಿ ಅನಾಮಧೇಯ ದೂರಿನ ಸುದ್ದಿ ಹೊರಬಿದ್ದ ದಿನ ಷೇರು ಶೇ. 16ರ ಆಸುಪಾಸು ಕುಸಿಯಿತು. ಕೆಲವೇ ದಿನಗಳಲ್ಲಿ ಅಮೆರಿಕದಲ್ಲಿ ಸಾಮೂಹಿಕ ದಾವೆ ಹೂಡಲಾಯಿತು. 2020ರ ಜನವರಿಯಲ್ಲಿ ಕಂಪೆನಿಯ ಲೆಕ್ಕ ಪರಿಶೋಧನಾ ಸಮಿತಿಯು ಆರೋಪಗಳಲ್ಲಿ ಹುರುಳಿಲ್ಲ ಎಂದಿತು. ಮೇ ತಿಂಗಳಲ್ಲಿ ದಾವೆ ಹೂಡಿದವರೇ ಅದನ್ನು ಹಿಂತೆಗೆದುಕೊಂಡರು. ಸುದ್ದಿ ಕೇಳಿದೊಡನೆ ನ್ಯಾಯಾಲಯಕ್ಕೆ ಓಡುವ ವಕೀಲರ ಸಂಸ್ಥೆಗಳು ಭಾರತಕ್ಕೆ ಬೇಕಿಲ್ಲ. ಆದರೆ ಅತಿಯಾದ ದಾವೆಗಳ ಭಯದಿಂದ ದಾವೆಯೇ ಇಲ್ಲದಂತೆ ಮಾಡುವುದು, ನೆಗಡಿಯಾದರೆ ಮೂಗನ್ನೇ ಕೊಯ್ದುಕೊಂಡಂತೆ.

ದಂಡದ ಹಣ ಯಾರಿಗೆ?

ಸೆಬಿಯ ದಾರಿಯೊಂದು ಉಳಿದಿದೆ. ಲಾಭಾಂಶ ಬಾರದ, ಷೇರು ವರ್ಗಾವಣೆಯಾಗದ ದೂರುಗಳಿಗೆ ಅದರ ‘ಸ್ಕೋರ್ಸ್’ ವ್ಯವಸ್ಥೆ ಪ್ರಯೋಜನಕಾರಿ. ದೊಡ್ಡ ವಂಚನೆಗಳಲ್ಲಿ ಸೆಬಿಯು ತಪ್ಪಿತಸ್ಥರು ಅಕ್ರಮವಾಗಿ ಗಳಿಸಿದ ಹಣವನ್ನು ಕಕ್ಕಿಸುತ್ತದೆ. ಆ ಹಣವನ್ನು ನೊಂದವರಿಗೆ ಹಂಚಲು ಸಾಧ್ಯವಿಲ್ಲವೆಂದೇನೂ ಇಲ್ಲ. 2003ರಿಂದ 2005ರ ನಡುವೆ ಬೇನಾಮಿ ಡಿಮ್ಯಾಟ್ ಖಾತೆಗಳ ಮೂಲಕ ಸಣ್ಣ ಹೂಡಿಕೆದಾರರ ಪಾಲಿನ ಹೊಸ ಷೇರುಗಳನ್ನು ಕಬಳಿಸಿದ ಪ್ರಕರಣದಲ್ಲಿ, ನ್ಯಾಯಮೂರ್ತಿ ಡಿ.ಪಿ. ವಾಧ್ವಾ ಸಮಿತಿಯ ಲೆಕ್ಕದಂತೆ 2010ರಲ್ಲಿ 12 ಲಕ್ಷಕ್ಕೂ ಹೆಚ್ಚು ಅರ್ಜಿದಾರರಿಗೆ ಸುಮಾರು 23 ಕೋಟಿ ರೂಪಾಯಿಯನ್ನು ಸೆಬಿ ಹಂಚಿತು. ತಲೆಗೆ ಇನ್ನೂರು ರೂಪಾಯಿಯೂ ಬೀಳಲಿಲ್ಲ. ಆದರೆ ಯಾರಿಗೆ ಎಷ್ಟು ಅನ್ಯಾಯವಾಯಿತೆಂದು ಲೆಕ್ಕ ಹಾಕಿ, ಕೇಳದೆಯೇ ಮನೆಗೆ ತಲುಪಿಸಬಹುದು ಎಂಬುದು ಅಂದು ಸಾಬೀತಾಯಿತು.

ಸತ್ಯಂ ಪ್ರಕರಣದಲ್ಲಿ ಈ ಕೆಲಸ ಇನ್ನೂ ಆಗಿಲ್ಲ. 2014ರ ಜುಲೈಯಲ್ಲಿ ಸೆಬಿಯು ರಾಜು ಮತ್ತಿತರರಿಂದ 1,849 ಕೋಟಿ ರೂಪಾಯಿ ವಸೂಲಿಗೆ ಆದೇಶಿಸಿತು. ಮೇಲ್ಮನವಿ ನ್ಯಾಯಮಂಡಳಿಯಿಂದ ಪ್ರಕರಣ ಹಿಂದಿರುಗಿತು, ಹೊಸ ಆದೇಶವಾಯಿತು, ಮತ್ತೆ ಹಿಂದಿರುಗಿತು. 2023ರ ನವೆಂಬರ್ ಕೊನೆಯಲ್ಲಿ ಹೊರಬಿದ್ದ ಆದೇಶದಲ್ಲಿ ಮೊತ್ತವು ಸುಮಾರು 624 ಕೋಟಿ ರೂಪಾಯಿಗೆ ಇಳಿದಿತ್ತು. 2009ರ ಜನವರಿ 7ರಿಂದ ಲೆಕ್ಕ ಹಾಕಿದ ಬಡ್ಡಿ ಬೇರೆ. ವಸೂಲಾದ ಹಣ ಸೆಬಿಯ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರಬೇಕು. ಗುರುತಿಸಬಹುದಾದ ನೊಂದ ಹೂಡಿಕೆದಾರರಿಗೆ ಅದನ್ನು ಕೊಡಲು ನಿಯಮದಲ್ಲಿ ಅವಕಾಶವಿದೆ. ಸತ್ಯಂ ಷೇರುಗಳ ಬಹುಪಾಲು ಆ ಹೊತ್ತಿಗಾಗಲೇ ಡಿಮ್ಯಾಟ್ ರೂಪದಲ್ಲಿತ್ತು. 2009ರ ಜನವರಿ 7ರಂದು ಯಾರ ಖಾತೆಯಲ್ಲಿ ಎಷ್ಟು ಷೇರು ಇತ್ತು, ಆ ವಾರ ಯಾರು ದಿಕ್ಕುತೋಚದೆ ಮಾರಿದರು ಎಂಬುದಕ್ಕೆ ಮುಂಬಯಿಯ ಎರಡು ಡಿಪಾಸಿಟರಿಗಳ ಖಾತೆಗಳೇ ದಾಖಲೆ.